ಪಾದದ ಕೆಳಗಿನ ಕಾಸು

ಸಗಿನ್‌ಗೆ ಈಗ ಕಣ್ಣು ಕಾಣುವುದಿಲ್ಲ.
ಆದರೂ ನಾನು ತೊಕ್ತೊಗುಲ್‌ನಿಂದ ಸವಾರಿ ಮುಗಿಸಿ ಬಂದು
ಗೇಟಿನ ಮುಂದೆ ನಿಂತರೆ ಸಾಕು,
ಹಾಸಿಗೆಯಿಂದಲೇ ಕೂಗುತ್ತಾನೆ:
"ಬುರುಲ್ಕನ್, ಇವತ್ತು ಎಷ್ಟು ಕುಡಿಸಿದೆ ಅದಕ್ಕೆ?"
ಎಂಜಿನ್ನಿನ ಏದುಸಿರು ಕೇಳಿಯೇ ಅವನ ಅಂದಾಜು.
ತಪ್ಪಿದರೆ ಒಂದೂವರೆ ಲೀಟರು ಆಚೀಚೆ.

ಕಣ್ಣಿದ್ದಾಗ ಅವನು ಬಂಕಿನ ಮೀಟರು ನೋಡಿದವನಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನು
ಅಂತ ಈಗ ಅಂದರೆ
ನಗುತ್ತಾನೆ, ನಾನೂ ನಗುತ್ತೇನೆ,
ಆಮೇಲೆ ಇಬ್ಬರೂ ಸುಮ್ಮನೆ
ಚಹಾದ ಬಟ್ಟಲು ಹುಡುಕುತ್ತೇವೆ.

ಕುದುರೆಯ ಮೇಲೆ ಬೆಳೆದವನು.
ಎಂಜಿನ್ನಿಗೂ ಹಿಮ್ಮಡಿಯಲ್ಲಿ ಒದೆಯಬೇಕು
ಎಂದೇ ತಿಳಿದಿದ್ದ.
ಮುಂದಿನ ಲಾರಿ ಅವನ ಪಾಲಿಗೆ ಶತ್ರುಪಡೆ;
ಹಿಂದೆ ಹಾಕಿ, ಮೀಸೆ ತಿರುವಿ,
ತಿರುವಿನಾಚೆ ಕುರಿಮಂದೆ ಎದುರಾದರೆ
ಬ್ರೇಕಿನ ಮೇಲೆ ಎದ್ದು ನಿಲ್ಲುತ್ತಿದ್ದ.
ಹಾಗೆ ಹೊಗೆಯಾಗಿ ಹೋದದ್ದು
ಐಜಿರೆಕ್‌ಳ ಚಳಿಗಾಲದ ಬೂಟು,
ಒಂದು ಮೂಟೆ ಹಿಟ್ಟು,
ಅರ್ಧ ಗಾಡಿ ಕಲ್ಲಿದ್ದಲು.

ಇಳಿಜಾರಿನಲ್ಲಿ ಮಾತ್ರ ಮಹಾ ಜಿಪುಣ.
ಎಂಜಿನ್ ಆರಿಸಿ, ನ್ಯೂಟ್ರಲ್ಲಿಗೆ ತಂದು,
"ನೋಡು, ಪುಕ್ಕಟೆ!" ಎನ್ನುತ್ತಿದ್ದ.
ಒಮ್ಮೆ ಆ ಪುಕ್ಕಟೆ ನಮ್ಮನ್ನು
ಜಲ್ಲಿರಾಶಿಯೊಳಗೆ ಮೂಗುಮಟ್ಟ ನುಗ್ಗಿಸಿತು.
ಬ್ರೇಕು ಸುಟ್ಟ ವಾಸನೆ
ಮೂರು ದಿನ ನನ್ನ ತಲೆವಸ್ತ್ರದಿಂದ ಹೋಗಲಿಲ್ಲ.

ಕೀಲಿಕೈ ನನ್ನ ಕೈಗೆ ಬಂದ ವಾರ
ರಾತ್ರಿ ಟಾರ್ಚು ಹಿಡಿದು ಡಿಕ್ಕಿ ತೆರೆದೆ.
ಮಾರಿ ಎಷ್ಟೋ ವರ್ಷವಾದ ಲಾಡಾದ ಎರಡು ಚಕ್ರ,
ಅರ್ಧ ಬಕೀಟು ಕುದುರೆಲಾಳ,
ಒಂದು ಹಾರೆ, ಯಾಕೋ ಒಂದು ಬೀಗವಿಲ್ಲದ ಟ್ರಂಕು,
ತಳದಲ್ಲಿ ಅವನ ಜೀನು.
ಸದ್ದಾಗದಂತೆ ಒಂದೊಂದೇ ಇಳಿಸಿದೆ.
ಜರ್ಮನಿಯಲ್ಲಿ ಮೂವರು ಯಜಮಾನರನ್ನು ಕಂಡ ಮುದಿ ಕಾರು
ಎರಡು ಬೆರಳು ಮೇಲೆದ್ದು
ಸೊಂಟ ನೆಟ್ಟಗೆ ಮಾಡಿಕೊಂಡಿತು.

ಬೆಳಿಗ್ಗೆ ಅವನು ಕೇಳಿದ್ದು ಇಷ್ಟೇ:
"ಜೀನು ಎಲ್ಲಿಟ್ಟೆ?"
"ನಿನ್ನ ತಲೆಯ ಹತ್ತಿರ."
ಕೈಚಾಚಿ ಮುಟ್ಟಿದ. ಗೋಡೆಗೆ ತಿರುಗಿದ.

ಆಮೇಲೆ ಎಲ್ಲ ಕಣ್ಣಳತೆಯ ಕೆಲಸ:
ಸೋಮವಾರ ಟೈರಿಗೆ ಗಾಳಿ,
ಕ್ಯಾರಿಯರಿನ ಮೇಲೆ ಯಾರ ಕಂಬಳಿಯನ್ನೂ ಹೇರದ ಹಟ,
ಚಹಾದಂಗಡಿಯ ಮುಂದೆ ಆರಿಸಿದ ಎಂಜಿನ್,
ದೂರದಲ್ಲಿ ಧೂಳು ಕಂಡರೆ
ಅದು ಕುರಿಯಾಗುವ ಮೊದಲೇ ಎತ್ತಿದ ಕಾಲು.
ಹಾಲು ಕಾಯಿಸುವವಳಿಗೆ ಇದನ್ನು ಕಲಿಸಬೇಕೆ?
ಉಕ್ಕುವ ಮುನ್ನ ಉರಿ ತಗ್ಗಿಸುವುದು, ಅಷ್ಟೇ.

"ಅಕ್ಕ, ಇದು ಟ್ಯಾಕ್ಸಿಯೋ ಹೆಣದ ಗಾಡಿಯೋ?"
ಹಿಂದಿನ ಸೀಟಿನ ಹುಡುಗ ಕೇಳಿದ.
ಕಪ್ಪು ಜೀಪೊಂದು ನಮ್ಮನ್ನು ಬೈಯುತ್ತಾ ದಾಟಿ ಹೋಗಿತ್ತು.
ಟೋ-ಅಶೂ ಸುರಂಗದ ಬಾಯಲ್ಲಿ ಸಾಲು;
ನಮಗಿಂತ ಮೂರೇ ಗಾಡಿ ಮುಂದೆ
ಅದೇ ಜೀಪು ನಿಂತಿತ್ತು, ಬಾನೆಟ್ಟು ತೆರೆದುಕೊಂಡು.
ನಾನು ಮಾತಾಡಲಿಲ್ಲ.
ಹುಡುಗನಿಗೆ ಕರಿದ ಬೋರ್ಸೋಕ್ ಕೊಟ್ಟೆ.

ಶರತ್ಕಾಲಕ್ಕೆ ಡಬ್ಬಿಯಲ್ಲಿ ನಾಲ್ಕು ಸಾವಿರ ಸೋಮ್.
ಬೂಟು ಬಂತು. ಉಳಿದದ್ದನ್ನು ಭಾನುವಾರ
ಟ್ಯಾಂಕಿಗೇ ಸುರಿದು
ಸಗಿನ್‌ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ.
ಜೀನನ್ನೂ ತರುತ್ತೇನೆಂದ. ತಂದ. ಮಡಿಲಲ್ಲಿ.
"ನಾನು ಎಪ್ಪತ್ತೊಂದು ಕಿಲೋ,
ಕಾಸಿಲ್ಲದ ಗಿರಾಕಿ. ಲೆಕ್ಕಕ್ಕೆ ಬರೆದುಕೊ."

ಏರಿದೆವು. ಸುರಂಗ ದಾಟಿ, ಸೂಸಾಮಿರ್ ಬಯಲಿನಲ್ಲಿ
ಕುಮಿಸ್ ಕುಡಿದು, ತಿರುಗಿ ಹೊರಟೆವು.
ಇಳಿಜಾರು ಶುರುವಾದಾಗ
ಮೂರನೇ ಗೇರಿನಲ್ಲೇ ಬಿಟ್ಟು
ಪಾದ ಎತ್ತಿದೆ.
ಅವನು ಡ್ಯಾಶಿನ ಮೇಲೆ ಅಂಗೈ ಇಟ್ಟ,
ಕುದುರೆಯ ಕತ್ತಿನ ಮೇಲೆ ಇಡುತ್ತಿದ್ದಂತೆ.
ಒಂದು ತಿರುವು. ಇನ್ನೊಂದು.
"ಬುರುಲ್," ಅಂದ ಮೆಲ್ಲಗೆ,
"ಈಗ ಇದು ಏನೂ ಕುಡಿಯುತ್ತಿಲ್ಲ."

ಕಿಟಕಿ ಇಳಿಸು ಎಂದ. ಇಳಿಸಿದೆ.
ಎಲ್ಲೋ ಕೆಳಗೆ ಕುರಿಗಳಿದ್ದವು;
ನನಗಿಂತ ಮೊದಲು
ಅವನಿಗೆ ಗೊತ್ತಾಯಿತು.